ನವೆಂಬರ್ ಬಂತೆಂದರೆ ಮಿಲಿಟರಿ ಮಾವ

ನವೆಂಬರ್ ಬಂತೆಂದರೆ ಎಲ್ಲರಿಗೂ ರಾಜ್ಯೋತ್ಸವ ನೆನಪಾಗುತ್ತದೆ, ಮಕ್ಕಳಿಗೆ ಮಕ್ಕಳ ದಿನಾಚರಣೆ ನೆನಪಾಗುತ್ತದೆ. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಬಂದ ನನಗೆ ನೆನಪಾಗುವುದು ಪಿಂಚಣಿದಾರರ ಸಾಲು. ಸರ್ಕಾರದ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ಬ್ಯಾಂಕಿಗೆ ಬಂದು ತಾವು ಬದುಕಿದ್ದೇವೆ ಎಂದು ಬರೆದುಕೊಡಬೇಕು. 'ಈ ದಿನ ಇವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಇವರು ಜೀವಂತ ಇದ್ದಾರೆ' ಎಂದು ಅದರ ಕೆಳಗೆ ಅಧಿಕಾರಿ ಸಹಿ ಹಾಕಬೇಕು. ಅಷ್ಟಾದರೆ ಮುಂದಿನ ಒಂದು ವರ್ಷ ಹಣ ಬರುತ್ತದೆ.

ಆ ಸಾಲಿನಲ್ಲಿ ಪ್ರತಿವರ್ಷ, ತಪ್ಪದೆ, ಒಂದನೆಯ ತಾರೀಖು ಕಳೆದ ಮೊದಲ ಕೆಲಸದ ದಿನವೇ ಬಂದು ನಿಲ್ಲುತ್ತಿದ್ದವರು ನನ್ನ ಸೋದರಮಾವ. ಊರಿಗೆಲ್ಲ ಅವರು 'ಮಿಲಿಟರಿ ಮಾವ'. ತೊಂಬತ್ತೇಳು ವರ್ಷ ಬದುಕಿದರು. ಹದಿನೇಳು ವರ್ಷ ಸೈನ್ಯದಲ್ಲಿದ್ದರು, ಅರವತ್ತೊಂದು ವರ್ಷ ಪಿಂಚಣಿ ತಿಂದರು. 'ಸರ್ಕಾರ ನನ್ನ ಸಾಕ್ತಾ ಐತೆ, ನಾನು ಸಾಯೋಕೆ ಮನಸ್ಸು ಬರ್ತಿಲ್ಲ ಕಣಪ್ಪ' ಎಂದು ನಗುತ್ತಿದ್ದರು.

ಅವರ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅವರ ಮುಂದೆ ನಾನು ಎರಡು ತಪ್ಪು ಮಾಡಿದ್ದೇನೆ. ಒಂದು ಹನ್ನೊಂದನೆಯ ವಯಸ್ಸಿನಲ್ಲಿ, ಇನ್ನೊಂದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಎರಡನ್ನೂ ಇಲ್ಲಿ ಒಪ್ಪಿಸುತ್ತೇನೆ.

* * *

ನಮ್ಮದು ತಿಪಟೂರಿನ ಕಡೆಯ ಹಳ್ಳಿ. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ. ನಾನು ಆರು ವರ್ಷದವನಿದ್ದಾಗ ನಮ್ಮ ತಂದೆ ತೀರಿಕೊಂಡರು. ಅಮ್ಮ ನಮ್ಮ ಮೂವರನ್ನು ಕಟ್ಟಿಕೊಂಡು ತವರಿಗೆ ಬಂದಳು. ಆಗ ಮಾವ ಇನ್ನೂ ಸೈನ್ಯದಲ್ಲಿದ್ದರು. ತಿಂಗಳಿಗೊಂದು ಮನಿಯಾರ್ಡರ್ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

1960ರಲ್ಲಿ ಮಾವ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದರು. ಎತ್ತಿನ ಗಾಡಿಯಿಂದ ಒಂದು ಕಪ್ಪು ಟ್ರಂಕು ಇಳಿಯಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹೆಸರು. ಒಂದು ಹಾಸಿಗೆ ಸುರುಳಿ, ಒಂದು ಎನಾಮಲ್ ಮಗ್ಗು. ಅಷ್ಟೇ ಆಸ್ತಿ. ಮಾವ ಅತ್ತೆಗೆ ಮಕ್ಕಳಿರಲಿಲ್ಲ. ಬಂದ ದಿನವೇ ಮಾವ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿ, ಉಗುರು ನೋಡಿ, 'ಇವತ್ತಿಂದ ನೀವು ನನ್ನ ಸೆಕ್ಷನ್' ಎಂದರು. ಸೆಕ್ಷನ್ ಎಂದರೇನೆಂದು ನಮಗೆ ಗೊತ್ತಿರಲಿಲ್ಲ, ಆದರೆ ನಾವು ಅವರವರಾದೆವು ಎಂಬುದು ಗೊತ್ತಾಯಿತು.

ಬೆಳಿಗ್ಗೆ ಐದಕ್ಕೆ ಎದ್ದು ಗಡ್ಡ ಬೋಳಿಸುತ್ತಿದ್ದರು. ಹಾಸಿಗೆಯನ್ನು ಮೂಲೆ ಮಡಿಸಿ ಹಾಸುತ್ತಿದ್ದರು. ಊಟಕ್ಕೆ ಕುಳಿತರೆ ತಟ್ಟೆಯಲ್ಲಿ ಒಂದು ಅಗುಳು ಉಳಿಸುತ್ತಿರಲಿಲ್ಲ, ಮುದ್ದೆ ಗಟ್ಟಿಯೋ ಮೆತ್ತಗೋ ಎಂದು ಒಂದು ದಿನ ಮಾತಾಡಲಿಲ್ಲ. ಸಂಜೆ ಊರ ಮಕ್ಕಳೆಲ್ಲ ಅವರ ಜಗುಲಿಯ ಮೇಲೆ. ಯಾರ ಬುಗುರಿಯ ಮೊಳೆ ಬಿದ್ದರೂ, ಯಾರ ಸ್ಲೇಟಿನ ಕಟ್ಟು ಸಡಿಲವಾದರೂ ಮಾವನೇ ಸರಿಮಾಡಿ ಕೊಡಬೇಕು. ಎಲ್ಲ ಮಾತಾಡುತ್ತಿದ್ದರು, ಯುದ್ಧದ ಮಾತೊಂದನ್ನು ಬಿಟ್ಟು.

ಅವರ ಬಲಗೈಯ ಕಿರುಬೆರಳು ಮತ್ತು ಉಂಗುರ ಬೆರಳಿಗೆ ತುದಿ ಇರಲಿಲ್ಲ. 'ಏನಾಯ್ತು ಮಾವ?' ಎಂದರೆ 'ಹಿಮ ತಿಂತು' ಎನ್ನುತ್ತಿದ್ದರು. ಹಿಮ ಬೆರಳನ್ನು ತಿನ್ನುತ್ತದೆಯೇ? ಹೇಳಲು ಇಷ್ಟವಿಲ್ಲದೆ ಹೀಗೆ ಹೇಳುತ್ತಾರೆಂದು ನಾನು ತೀರ್ಮಾನಿಸಿದೆ. ಶಾಲೆಯಲ್ಲಿ ನನ್ನದೇ ಒಂದು ಕಥೆ ಕಟ್ಟಿದೆ. ನಮ್ಮ ಮಾವ ಟ್ಯಾಂಕು ಓಡಿಸುತ್ತಿದ್ದರು, ಐವತ್ತು ಜನ ಶತ್ರುಗಳನ್ನು ಕೊಂದರು, ಆಗ ಒಂದು ಗುಂಡು ಬಂದು ಎರಡು ಬೆರಳು ಹಾರಿಸಿತು ಎಂದೆ. ಐವತ್ತು ಎಂದದ್ದು ವಾರ ಕಳೆಯುವುದರಲ್ಲಿ ಇನ್ನೂರಾಯಿತು. ಗೆಳೆಯರ ಮಧ್ಯೆ ನನ್ನ ಬೆಲೆಯೂ ಏರಿತು.

ಈ ಸುದ್ದಿ ಹೆಡ್‌ಮಾಸ್ತರ ಕಿವಿಗೂ ಬಿತ್ತು. 1961ರ ಆಗಸ್ಟ್ 15ಕ್ಕೆ ಅವರು ಮಾವನನ್ನೇ ಭಾಷಣಕ್ಕೆ ಕರೆದರು.

* * *

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಬಂದರು. ಹೆಡ್‌ಮಾಸ್ತರು ನಾನು ಕಟ್ಟಿದ ಕಥೆಯನ್ನೇ ಹೇಳಿ ಅವರನ್ನು ಪರಿಚಯ ಮಾಡಿಕೊಟ್ಟರು. ಮುಂದಿನ ಸಾಲಿನಲ್ಲಿದ್ದ ನನ್ನ ಕಿವಿ ಬಿಸಿಯಾಯಿತು. ಮಾವ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು: 'ಮಕ್ಕಳೇ, ನಾನು ಟ್ಯಾಂಕು ಓಡಿಸ್ಲಿಲ್ಲ. ಯಾರನ್ನ ಕೊಂದೆ ಅಂತ ಎಣಿಸಿಲ್ಲ. ನಾನು ರಸ್ತೆ ಹಾಕಿದೆ. ನನ್ನ ಅಳಿಯಂದು ತಪ್ಪಲ್ಲ. ಅವನು ಕೇಳಿದಾಗ ನಾನು ಸರಿಯಾಗಿ ಹೇಳಲಿಲ್ಲ. ಈಗ ಹೇಳ್ತೀನಿ.'

ಆ ದಿನ ಅವರು ಹತ್ತು ನಿಮಿಷದಲ್ಲಿ ಹೇಳಿದ್ದನ್ನು, ಮುಂದೆ ವರ್ಷಗಟ್ಟಲೆ ಬಿಡಿಬಿಡಿಯಾಗಿ ಹೇಳಿದ್ದನ್ನು ಒಟ್ಟಿಗೆ ಸೇರಿಸಿ ಬರೆಯುತ್ತೇನೆ.

ಮಾವ ಇದ್ದದ್ದು ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದರೆ ಅದೇ. 1780ರಷ್ಟು ಹಿಂದೆ ಹುಟ್ಟಿದ ಪಡೆ ಅದು. ಸೈನ್ಯ ಮುಂದೆ ಹೋಗಬೇಕಾದರೆ ದಾರಿ ಮಾಡುವುದು, ಸೇತುವೆ ಕಟ್ಟುವುದು, ನೆಲದಲ್ಲಿ ಹೂತ ಸಿಡಿಗುಂಡು ತೆಗೆಯುವುದು ಸ್ಯಾಪರ್‌ಗಳ ಕೆಲಸ. 1943ರಲ್ಲಿ, ಹತ್ತೊಂಬತ್ತು ವರ್ಷಕ್ಕೆ ಮಾವ ಸೇರಿದರು. ಬರ್ಮಾ ನೋಡಿದರು. ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರಕ್ಕೆ ಹೋದರು.

1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಶ್ರೀನಗರದಿಂದ ಲಡಾಖಿನ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆ ಇದೆ, ಎತ್ತರ ಸುಮಾರು 11,500 ಅಡಿ. ಅದು ಶತ್ರುವಿನ ಕೈಲಿತ್ತು. ಎರಡು ಕಡೆಯ ಬೆಟ್ಟದ ಮೇಲೂ ಅವರ ಬಂದೂಕು. ಅದು ಕೈಗೆ ಬಾರದೆ ಲೇಹ್ ಉಳಿಯುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳು ಪಡೆ ನುಗ್ಗಲು ನೋಡಿತು, ಆಗಲಿಲ್ಲ. ಹಿಮ ಬಿದ್ದು ದಾರಿ ಮುಚ್ಚುವ ಕಾಲ ಹತ್ತಿರ ಬರುತ್ತಿತ್ತು.

ಅಲ್ಲಿ ನಮ್ಮ ಡಿವಿಜನ್ನಿನ ದಂಡನಾಯಕರಾಗಿದ್ದವರು ಜನರಲ್ ತಿಮ್ಮಯ್ಯ, ನಮ್ಮ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದವರು. ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಆ ಎತ್ತರಕ್ಕೆ ಟ್ಯಾಂಕು ಏರಿಸುವುದೆಂದು ನಿರ್ಧಾರವಾಯಿತು. ಟ್ಯಾಂಕು ಬರುತ್ತದೆಂದು ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. ಬೇಹುಗಾರರಿಗೆ ಗುರುತು ಸಿಗದಿರಲೆಂದು ಟ್ಯಾಂಕುಗಳ ಮೇಲಿನ ಗೋಪುರವನ್ನು ಬಿಚ್ಚಿ, ಟಾರ್ಪಾಲಿನ್ ಮುಚ್ಚಿ ಶ್ರೀನಗರಕ್ಕೆ ತಂದರು. ದಾರಿಯ ಸೇತುವೆಗಳು ಆ ಭಾರ ತಾಳುವಂತೆ ಗಟ್ಟಿಮಾಡಿದರು. ಆದರೆ ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಹದಿನೈದು ಟನ್ನಿನ ಟ್ಯಾಂಕು ಅದರಲ್ಲಿ ಹೋಗುವುದೆಂತು?

ಅಲ್ಲಿ ಬಂದವರು ಮದ್ರಾಸ್ ಸ್ಯಾಪರ್‌ಗಳು. ತಮಿಳರು, ತೆಲುಗರು, ಮಲೆಯಾಳಿಗಳು, ನಮ್ಮ ಕಡೆಯವರು. ಹಿಮವನ್ನೇ ಕಾಣದೆ ಬೆಳೆದವರು. 'ನಾನು ತೆಂಗಿನಮರ ನೋಡಿ ಬೆಳೆದೋನು, ಅಲ್ಲಿ ಒಂದು ಗಿಡ ಇಲ್ಲ' ಎನ್ನುತ್ತಿದ್ದರು ಮಾವ. ಶತ್ರುವಿನ ಗುಂಡು ಬೀಳುತ್ತಿದ್ದರೂ ಬಂಡೆ ಸಿಡಿಸಿ, ಕಲ್ಲು ಉರುಳಿಸಿ, ಹಿಮ ಬಾಚಿ ಆ ಕಾಲುದಾರಿಯನ್ನು ಟ್ಯಾಂಕಿನ ಅಗಲಕ್ಕೆ ಬಿಡಿಸಿದರು. ಅದು ಕೈಗವಸು ತೆಗೆದರೆ ಗುದ್ದಲಿಯ ಕಬ್ಬಿಣಕ್ಕೆ ಚರ್ಮ ಅಂಟಿಕೊಳ್ಳುವ ಚಳಿ. ಮಾವನ ಬೆರಳು ಹೋದದ್ದು ಅಲ್ಲಿ. ಅವರು ಹೇಳಿದ್ದು ನಿಜವೇ ಆಗಿತ್ತು. ಹಿಮವೇ ತಿಂದಿತ್ತು.

ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಕೊನೆಗೆ 1948ರ ನವೆಂಬರ್ 1ರಂದು ಟ್ಯಾಂಕುಗಳು ಹತ್ತಿದವು. ಮುಂದಿನ ಟ್ಯಾಂಕಿನಲ್ಲಿ ಜನರಲ್ ತಿಮ್ಮಯ್ಯನವರೇ ಇದ್ದರು. ಆ ಎತ್ತರದಲ್ಲಿ ಟ್ಯಾಂಕು ಕಂಡ ಶತ್ರು ದಿಕ್ಕುಗೆಟ್ಟ. ಜೋಜಿಲಾ ಕೈಗೆ ಬಂತು, ಅದೇ ತಿಂಗಳಲ್ಲಿ ಕಾರ್ಗಿಲ್ ಕೂಡ ಬಂತು, ಲೇಹ್ ಉಳಿಯಿತು.

'ಟ್ಯಾಂಕು ಹೋಗುವಾಗ ನಾವು ದಾರಿ ಪಕ್ಕದಲ್ಲಿ ಗುದ್ದಲಿ ಹಿಡ್ಕಂಡು ನಿಂತಿದ್ವಿ' ಎಂದರು ಮಾವ ಆ ದಿನ ಶಾಲೆಯಲ್ಲಿ. 'ನಾನು ಟ್ಯಾಂಕು ನೋಡ್ಲಿಲ್ಲ. ಅದರ ಚೈನಿನ ಕೆಳಗಿರೋ ಅಂಚು ನೋಡ್ತಿದ್ದೆ. ಕುಸಿಯುತ್ತೋ ಇಲ್ವೋ ಅಂತ. ಕುಸೀಲಿಲ್ಲ. ಅಷ್ಟೇ ನನ್ನ ಯುದ್ಧ.' ಹೀಗೆಂದು ಕುಳಿತುಬಿಟ್ಟರು.

ದೊಡ್ಡವರು ಚಪ್ಪಾಳೆ ತಟ್ಟಿದರು. ನಮಗೆ ಹುಡುಗರಿಗೆ ಸಪ್ಪೆ ಎನಿಸಿತು. ಮಿಠಾಯಿ ಹಂಚುವಾಗ ಹಿಂದಿನಿಂದ ಒಬ್ಬ ಕೂಗಿದ: 'ನಿಮ್ಮ ಮಾವ ಮಿಲಿಟರಿ ಅಲ್ಲ ಕಣೋ, ಪಿ.ಡಬ್ಲ್ಯು.ಡಿ.!' ಎಲ್ಲರೂ ನಕ್ಕರು. ನನಗೆ ಅಳು ಬಂತು. ಸುಳ್ಳು ಹೇಳಿದ್ದು ನಾನು, ಆದರೆ ನನಗೆ ಸಿಟ್ಟು ಬಂದದ್ದು ಮಾವನ ಮೇಲೆ. ಅವರು ಒಂದು ಮಾತು ಹೌದೆಂದಿದ್ದರೆ ಏನು ಹೋಗುತ್ತಿತ್ತು? ವಾರಗಟ್ಟಲೆ ಅವರ ಜಗುಲಿಗೆ ಹೋಗಲಿಲ್ಲ, ಎದುರು ಬಂದರೆ ತಲೆ ತಗ್ಗಿಸಿ ನಡೆದೆ. ದೇಶಕ್ಕಾಗಿ ಬೆರಳು ಕಳೆದುಕೊಂಡವರನ್ನು ಕಂಡು ನಾಚಿಕೆಪಟ್ಟೆ. ಇದು ನನ್ನ ಮೊದಲ ತಪ್ಪು.

ಮಾವ ಬೈಯಲಿಲ್ಲ, ಕರೆದು ಸಮಾಧಾನವನ್ನೂ ಮಾಡಲಿಲ್ಲ. ಕಾದರು.

* * *

ನಮ್ಮ ಊರಿಗೂ ಮಿಡ್ಲ್ ಸ್ಕೂಲು ಇದ್ದ ಊರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಒಣಗಿರುತ್ತಿತ್ತು. ಮಳೆ ಬಂದರೆ ಕೆಂಪು ನೀರು ಎದೆಮಟ್ಟಕ್ಕೆ ಬರುತ್ತಿತ್ತು, ನಮಗೆ ಶಾಲೆ ತಪ್ಪುತ್ತಿತ್ತು. ಆ ವರ್ಷ ಒಬ್ಬ ಚಿಕ್ಕ ಹುಡುಗಿ ದಾಟಲು ಹೋಗಿ ಜಾರಿದಳು. ಹಿಂದೆ ಬರುತ್ತಿದ್ದ ದನ ಕಾಯುವವನು ಜಡೆ ಹಿಡಿದು ಎಳೆದುಕೊಂಡ. ಚೀಲ, ಪುಸ್ತಕ ಹೊಳೆಪಾಲಾದವು. ಮರುದಿನದಿಂದ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ಕೆಲವರು ನಿಲ್ಲಿಸಿದರು.

ಮಾವ ಮೂರು ಸಂಜೆ ಹಳ್ಳದ ದಂಡೆಯಲ್ಲಿ ಸುಮ್ಮನೆ ಕುಳಿತರು. ಕೋಲು ನೆಟ್ಟು ನೀರಿನ ಮಟ್ಟ ಗುರುತು ಮಾಡಿದರು. 'ಸೇತುವೆ ಕಟ್ಟೋಕೆ ಮುಂಚೆ ನೀರಿನ ಮಾತು ಕೇಳ್ಬೇಕು' ಎಂದರು. ದಸರಾ ರಜೆ ಬಂತು. ತೋಟದಲ್ಲಿ ಫಲ ನಿಂತ ಮೂರು ಹಳೆಯ ತೆಂಗಿನಮರ ಕಡಿಸಿದರು. ಊರ ಗಂಡಸರನ್ನು ಕರೆದರು. ಕಲ್ಲು ಹೊರಲು ಮಕ್ಕಳನ್ನು ಕರೆದರು. ನಾನು ಮುಖ ಊದಿಸಿಕೊಂಡೇ ಹೋದೆ.

ಎರಡು ದಂಡೆಗೂ ಒಣಗಲ್ಲಿನ ಕಟ್ಟೆ ಎದ್ದಿತು. ಮರದ ಬೊಡ್ಡೆ ಎತ್ತುವ ದಿನ ಮಾವ ಗಂಡಸರನ್ನು ಅಳತೆಗೆ ತಕ್ಕಂತೆ ಜೋಡಿ ಜೋಡಿ ನಿಲ್ಲಿಸಿದರು. ಆಗ ಹೇಳಿದ್ದು ಬೈಲಿ ಸೇತುವೆಯ ಕಥೆ. ಅದು ಡೊನಾಲ್ಡ್ ಬೈಲಿ ಎಂಬ ಇಂಗ್ಲಿಷಿನವರು ಯೋಚಿಸಿ ಮಾಡಿದ ಕಬ್ಬಿಣದ ಸೇತುವೆ. ಮಕ್ಕಳು ಆಟದ ಸಾಮಾನು ಜೋಡಿಸಿದಂತೆ ಜೋಡಿಸುವುದು. ಹತ್ತಡಿ ಉದ್ದ, ಐದಡಿ ಎತ್ತರದ ಒಂದೊಂದು ಚೌಕಟ್ಟು, ತೂಕ ಸುಮಾರು 260 ಕಿಲೋ. ಆರು ಜನ ಹೊರಬೇಕು. ಒಂದಕ್ಕೊಂದು ಸೇರಿಸಿ ಕೀಲು ಹೊಡೆದರೆ ಮುಗಿಯಿತು. ಬರ್ಮಾದ ಕಲೇವಾ ಬಳಿ ಚಿಂದ್ವಿನ್ ನದಿಗೆ 1944ರ ಡಿಸೆಂಬರ್‌ನಲ್ಲಿ ಅಂಥ ಸೇತುವೆಯನ್ನು ತೇಲುದೋಣಿಗಳ ಮೇಲೆ ಕಟ್ಟಿದ್ದರು, ಉದ್ದ 1,154 ಅಡಿ. ಅದನ್ನು ದಾಟಿ ಹೋದವರಲ್ಲಿ ಮಾವನೂ ಒಬ್ಬರು.

'ಆರು ಜನಕ್ಕೂ ಒಂದೇ ಉಸಿರು ಇರಬೇಕು' ಎಂದರು. 'ಒಬ್ಬ ತಡ ಮಾಡಿದ ಅಂದ್ಕಳಿ, ಸೊಂಟ ಮುರಿಯೋದು ಅವಂದಲ್ಲ, ಪಕ್ಕದೋನ್ದು.'

ಊರಿನಲ್ಲಿ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು ಆ ದಿನ ಒಂದೇ ಬೊಡ್ಡೆಗೆ ಹೆಗಲು ಕೊಟ್ಟರು. ಮೂರು ಬೊಡ್ಡೆ ಪಕ್ಕಪಕ್ಕ ಮಲಗಿದವು. ಅಡ್ಡಕ್ಕೆ ಬಿದಿರು ಕಟ್ಟಿ, ತೆಂಗಿನ ನಾರಿನ ಹಗ್ಗ ಬಿಗಿದು, ಮೇಲೆ ಮಣ್ಣು ಹಾಕಿ ತುಳಿದರು. ಒಂದು ಪಕ್ಕಕ್ಕೆ ಕೈ ಹಿಡಿಯಲು ಬಿದಿರ ಗಳು. ಮಾವ ಅದರ ಮೇಲೆ ನಿಂತು ನಾಲ್ಕು ಸಲ ಕುಪ್ಪಳಿಸಿ ನೋಡಿದರು. ಆಮೇಲೆ ಹಳ್ಳಕ್ಕಿಳಿದು, ಮೊಣಕಾಲು ನೀರಿನಲ್ಲಿ ಸೇತುವೆಯ ಕೆಳಗೆ ನಿಂತು, ಮಕ್ಕಳ ಗುಂಪಿನಲ್ಲಿ ಹಿಂದೆ ನಿಂತಿದ್ದ ನನ್ನನ್ನು ಕರೆದರು.

'ಅಳಿಯ, ಮೊದಲು ನೀನು ಹೋಗು. ಇವತ್ತು ನೀನೇ ಟ್ಯಾಂಕು.'

ನಾನು ದಾಟಿದೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿದೆ. ಮಾವ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಪಾದದ ಕೆಳಗಿನ ಬೊಡ್ಡೆಯನ್ನು ನೋಡುತ್ತಿದ್ದರು. ಜೋಜಿಲಾದಲ್ಲಿ ಅವರು ಹೇಗೆ ನಿಂತಿದ್ದರೆಂಬುದು ನನಗೆ ಆಗ ಗೊತ್ತಾಯಿತು. ಆ ಕಡೆ ದಂಡೆ ಮುಟ್ಟಿದವನೇ ತಿರುಗಿ ಓಡಿಬಂದು, ಒದ್ದೆಯಾಗಿದ್ದ ಅವರ ಕಾಲನ್ನು ತಬ್ಬಿಕೊಂಡೆ. 'ಸರಿ ಸರಿ, ಇನ್ನು ಬೇರೆಯವರು ದಾಟಲಿ' ಎಂದರು.

ಆ ಸೇತುವೆ ಅನೇಕ ಮಳೆಗಾಲ ಕಂಡಿತು. ಬೊಡ್ಡೆ ಹಾಳಾದರೆ ಬದಲಾಯಿಸುತ್ತಿದ್ದರು. ಪ್ರತಿವರ್ಷ ಮಳೆಗೆ ಮುಂಚೆ ಮಾವ ಹೋಗಿ ಕೊಡಲಿಯ ಹಿಡಿಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಈಗ ಅಲ್ಲಿ ಕಾಂಕ್ರೀಟಿನ ಸೇತುವೆ ಇದೆ, ಬಸ್ಸು ಹೋಗುತ್ತದೆ. ಹಳ್ಳಕ್ಕೆ ಬಿದ್ದಿದ್ದ ಆ ಹುಡುಗಿ ಶಾಲೆ ಬಿಡಲಿಲ್ಲ. ಮುಂದೆ ಟೀಚರ್ ಆಗಿ, ನಿವೃತ್ತಿಯೂ ಆಗಿದ್ದಾಳೆ.

* * *

ನನ್ನನ್ನು ತುಮಕೂರಿಗೆ ಬಿ.ಕಾಂ. ಓದಲು ಕಳಿಸಿದ್ದು ಮಾವನ ಪಿಂಚಣಿ. 1973ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಅಲ್ಲಿ ಇಲ್ಲಿ ವರ್ಗವಾಗಿ ಕೊನೆಗೆ ತಿಪಟೂರಿಗೆ ಬಂದೆ. ಮಾವನ ಪಿಂಚಣಿ ನಮ್ಮ ಶಾಖೆಯಲ್ಲೇ ಇತ್ತು. ನವೆಂಬರಿನಲ್ಲಿ ಅವರು ಬರುತ್ತಿದ್ದರು. ಅಳಿಯ ಒಳಗಿದ್ದಾನೆಂದು ಒಂದು ದಿನವೂ ಕೌಂಟರ್ ದಾಟಿ ಬಂದವರಲ್ಲ. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಫಾರಂ ಒಳಗೆ ಚಾಚುತ್ತಿದ್ದರು. 'ನವೆಂಬರ್ ಒಂದಕ್ಕೆ ಬದುಕಿ ಉಳಿದಿದ್ದೆ ಅಳಿಯ, ಅದಕ್ಕೆ ಈ ತಿಂಗಳೇ ಬರೆಸ್ಕಂತಾರೆ' ಎಂದು ತಮಾಷೆ ಮಾಡುತ್ತಿದ್ದರು.

1994ರ ನವೆಂಬರ್. ಮಾವನಿಗೆ ಎಪ್ಪತ್ತು. ಆ ದಿನ ಕೌಂಟರಿನ ಮುಂದೆ ನಲವತ್ತು ಜನ. ಒಳಗೆ ಹೊಸದಾಗಿ ಬಂದ ಅಧಿಕಾರಿ, ಸಹಿ ಒಂದು ಗೆರೆ ಆಚೀಚೆಯಾದರೂ ವಾಪಸ್ಸು ಕಳಿಸುವವರು. ಮಾವನ ಕೈ ಆ ವರ್ಷ ನಡುಗಲು ಶುರುವಾಗಿತ್ತು. ಮೊದಲೇ ಎರಡು ಬೆರಳು ಮೋಟು. ಸಹಿ ಕಾರ್ಡಿನಲ್ಲಿದ್ದ ಸಹಿಗೂ ಫಾರಂ ಮೇಲಿನ ಸಹಿಗೂ ಹೊಂದಲಿಲ್ಲ. ಇನ್ನೊಂದು ಫಾರಂ ಕೊಟ್ಟೆ, ಅದೂ ಹೊಂದಲಿಲ್ಲ. ಹಿಂದಿನಿಂದ ಜನ ಗೊಣಗುತ್ತಿದ್ದರು. ನನ್ನ ಬಾಯಿಂದ ಬಂತು:

'ಸುಮ್ಮನೆ ಹೊತ್ತು ಕಳೀಬೇಡಿ ಮಾವ, ಹೆಬ್ಬೆಟ್ಟು ಒತ್ತಿಬಿಡಿ.'

ಹೇಳಿ, ಇಂಕ್ ಪ್ಯಾಡನ್ನು ಅವರ ಕಡೆ ತಳ್ಳಿದೆ.

ಮಾವ ಪ್ಯಾಡನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. 'ಇನ್ನೊಂದು ಫಾರಂ ಕೊಡಪ್ಪ' ಎಂದು ತೆಗೆದುಕೊಂಡು ಮೂಲೆಯ ಬೆಂಚಿಗೆ ಹೋದರು.

ಮಧ್ಯಾಹ್ನ ಎರಡು ಗಂಟೆಗೆ ಸಾಲು ಕರಗಿತು. ಆಗ ಬಂದರು. ಫಾರಂ ಮೇಲೆ ಸಹಿ ಇತ್ತು. ಓಟದ ಕೈಬರಹವಲ್ಲ. ಒಂದೊಂದು ಅಕ್ಷರವನ್ನೂ ಕಲ್ಲು ಜೋಡಿಸಿದ ಹಾಗೆ ಜೋಡಿಸಿದ್ದರು. ಕಾರ್ಡಿನ ಸಹಿಗೆ ಅದು ಪೂರ್ತಿ ಹೊಂದುತ್ತಿತ್ತೆಂದು ಹೇಳಲಾರೆ, ಆದರೆ ಎಲ್ಲ ಅಕ್ಷರಗಳೂ ಇದ್ದವು. ಒಳಗೆ ತೆಗೆದುಕೊಂಡು ಹೋದೆ. ಅಧಿಕಾರಿ ಫಾರಂ ನೋಡಿದರು, ಕಿಟಕಿಯಾಚೆ ಎದೆ ಸೆಟೆದು ನಿಂತಿದ್ದ ಮುದುಕರನ್ನು ನೋಡಿದರು, ಏನೂ ಮಾತಾಡದೆ ಸಹಿ ಹಾಕಿದರು.

ಸಂಜೆ ಬ್ಯಾಂಕ್ ಮುಗಿದ ಮೇಲೆ ಆ ಬೆಂಚಿನ ಕೆಳಗೆ ಒಂದು ಚಲನ್ ಬಿದ್ದಿತ್ತು. ಅದರ ಹಿಂಬದಿಯ ತುಂಬ ಮಾವನ ಸಹಿ. ಎಣಿಸಿದೆ, ಮೂವತ್ತೊಂದು ಸಲ.

ಅಮ್ಮನಿಗೆ ನಡೆದದ್ದನ್ನು ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು. 1943ರಲ್ಲಿ ಸೈನ್ಯಕ್ಕೆ ಸೇರುವಾಗ ಅಣ್ಣನಿಗೆ ಒಂದಕ್ಷರ ಬರುತ್ತಿರಲಿಲ್ಲ. ಸೇರುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಓದು ಬಾರದವರಿಗೆ ಸೈನ್ಯದಲ್ಲೇ ಪಾಠ ಇರುತ್ತಿತ್ತು. ಹಗಲೆಲ್ಲ ಗುದ್ದಲಿ ಹಿಡಿದು ರಾತ್ರಿ ಲಾಟೀನಿನ ಬೆಳಕಲ್ಲಿ ಸ್ಲೇಟು ಹಿಡಿದು ಕಲಿತ. ಪರೀಕ್ಷೆ ಪಾಸು ಮಾಡಿದ. ಮೊದಲ ಸಲ ರಜೆಗೆ ಬಂದಾಗ ಪದಕ ತೋರಿಸಲಿಲ್ಲ, ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಸಹಿ ಮಾಡಿ ತೋರಿಸಿದ. 'ಅದು ತುಳಿದು ಹೋಗ್ಬಾರದು ಅಂತ ಅಜ್ಜ ಅದರ ಮೇಲೆ ಮಂಕರಿ ಕವುಚಿ ಇಟ್ಟಿದ್ರು ಕಣೋ' ಎಂದಳು ಅಮ್ಮ.

ಅಂಥವರ ಮುಂದೆ ನಾನು ಇಂಕ್ ಪ್ಯಾಡ್ ತಳ್ಳಿದ್ದೆ, ಅದೂ ಅವರ ಪಿಂಚಣಿಯಲ್ಲಿ ಓದಿ. ಇದು ಎರಡನೆಯ ತಪ್ಪು.

* * *

ಮುಂದಿನ ವರ್ಷಗಳಲ್ಲಿ ಫಾರಂ ನಾನೇ ಮನೆಗೆ ತಂದು ಕೊಡುತ್ತಿದ್ದೆ. ಜಗುಲಿಯ ಮೇಲೆ ಕುಳಿತು, ಕನ್ನಡಕ ಒರೆಸಿಕೊಂಡು, ಅವರು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಸಹಿ ಮಾಡುತ್ತಿದ್ದರು. ಹೊಸ ಮಾದರಿ ಸಹಿಯನ್ನು ಕಾರ್ಡಿಗೆ ಹಾಕಿಸಿದೆ. ಇಷ್ಟು ಸಣ್ಣ ಕೆಲಸ ಮೊದಲೇ ಮಾಡಬಹುದಿತ್ತು. ನಿಮ್ಮ ಮನೆಯಲ್ಲೂ ಕೈ ನಡುಗುವ ಹಿರಿಯರಿದ್ದರೆ ಬ್ಯಾಂಕಿನಲ್ಲಿ ಕೇಳಿ, ಹೊಸ ಸಹಿ ಕೊಡಬಹುದು. ಸಹಿ ಸಾಗುವವರೆಗೆ ಹೆಬ್ಬೆಟ್ಟಿಗೆ ಅವಸರ ಮಾಡಬೇಡಿ.

ಎಂಬತ್ತು ದಾಟಿದ ಪಿಂಚಣಿದಾರರಿಗೆ ಹೆಚ್ಚುವರಿ ಪಿಂಚಣಿ ಕೊಡುವ ನಿಯಮ ಬಂತು. ಎಂಬತ್ತಕ್ಕೆ ಶೇ. 20, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ನೂರಕ್ಕೆ ನೂರು. ಮಾವ ಒಂದೊಂದೇ ಮೆಟ್ಟಿಲು ಹತ್ತಿದರು. 'ನೂರಕ್ಕೆ ಡಬಲ್ಲಾ? ನೋಡಾನ ಬಿಡು' ಎಂದಿದ್ದರು.

2014ರಲ್ಲಿ 'ಜೀವನ್ ಪ್ರಮಾಣ್' ಬಂತು. ಬೆರಳಚ್ಚು ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಬದುಕಿದ್ದೀರೆಂದು ದೆಹಲಿಗೆ ಗೊತ್ತಾಗುತ್ತದೆ. ಎರಡು ವರ್ಷದ ಮೇಲೆ ಮಾವನನ್ನು ಕರೆದುಕೊಂಡು ಹೋದೆ, ಆಗ ತೊಂಬತ್ತೆರಡು. ಅವರ ಮುಂದೆ ನಿವೃತ್ತ ಪ್ರಾಂಶುಪಾಲರೊಬ್ಬರು ಯಂತ್ರಕ್ಕೆ ಹೆಬ್ಬೆರಳು ಒತ್ತುತ್ತಿದ್ದರು. ಮಾವ ನನ್ನ ಕಿವಿಯ ಹತ್ತಿರ ಬಂದು, 'ನೋಡಿದ್ಯಾ ಅಳಿಯ, ಈಗ ಪ್ರಿನ್ಸಿಪಾಲರಿಗೂ ಹೆಬ್ಬೆಟ್ಟೇ!' ಎಂದು ಕಿಸಕ್ಕನೆ ನಕ್ಕರು. ಅವರ ಸರದಿ ಬಂತು. ಯಂತ್ರ ಒಪ್ಪಲಿಲ್ಲ. ಗುದ್ದಲಿ ಹಿಡಿದು ಸವೆದ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಕೊನೆಗೆ ಕಣ್ಣಿನ ಪಾಪೆ ನೋಡುವ ಯಂತ್ರ ತಂದರು. ಅದಕ್ಕೆ ಗುರುತು ಸಿಕ್ಕಿತು.

ಆಟೋದಲ್ಲಿ ವಾಪಸ್ಸು ಬರುವಾಗ ನಾನು ಕೇಳಿಯೇಬಿಟ್ಟೆ. 'ಮಾವ, ಆವತ್ತು ನಾನು ಪ್ಯಾಡ್ ತಳ್ಳಿದ್ದು ತಪ್ಪಾಯ್ತು.' ಇಪ್ಪತ್ತೆರಡು ವರ್ಷ ಗಂಟಲಲ್ಲಿದ್ದ ಮಾತು. ಅವರು ಯಾವತ್ತು ಎಂದು ಕೇಳಲಿಲ್ಲ.

'ಸಾಲು ದೊಡ್ಡದಿತ್ತಲ್ಲಪ್ಪ' ಎಂದರು. 'ಹಿಂದಿರೋರಿಗೆ ದಾರಿ ಬಿಡ್ಬೇಕಿತ್ತು. ಅದಕ್ಕೇ ನಾನು ಪಕ್ಕಕ್ಕೆ ಹೋದೆ.'

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ತಂಗಿಯ ಮೊಮ್ಮಗ ಗೆಳೆಯರೊಂದಿಗೆ ಬೈಕಿನಲ್ಲಿ ಲಡಾಖಿಗೆ ಹೋಗಿದ್ದ. ಜೋಜಿಲಾದಿಂದ ವಿಡಿಯೋ ಕಳಿಸಿದ. ಮಾವ ಮೊಬೈಲನ್ನು ಕಣ್ಣಿಗೆ ಒತ್ತಿ ಹಿಡಿದು ನೋಡಿದರು. ಲಾರಿಗಳ ಸಾಲು, ಕೆಸರು, ಆಚೆ ಪ್ರಪಾತ. ಅವರ ಕಣ್ಣಲ್ಲಿ ನೀರು ಬರಬಹುದೆಂದು ನಾವೆಲ್ಲ ಕಾದೆವು. ಅವರು ಕೇಳಿದ್ದು ಇಷ್ಟೇ: 'ಬೆಟ್ಟದ ಮಗ್ಗುಲಿಗೆ ಚರಂಡಿ ಮಾಡವ್ರಾ? ನೀರು ನಿಂತ್ರೆ ಅಂಚು ಕುಸಿಯುತ್ತೆ, ಹುಡುಗರು ಹುಷಾರಾಗಿ ಬರಲಿ.'

2021ರ ಅಕ್ಟೋಬರ್ ಕೊನೆಯ ವಾರ, ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಐದಕ್ಕೆ ಏಳಲಿಲ್ಲ. ಅವರು ಐದಕ್ಕೆ ಏಳದ ದಿನವೇ ಇರಲಿಲ್ಲವಾದ್ದರಿಂದ ಐದೂಕಾಲಿಗೇ ನಮಗೆ ಗೊತ್ತಾಯಿತು. ಹಾಸಿಗೆಯ ಪಕ್ಕದಲ್ಲಿ ಕನ್ನಡಕ, ಎನಾಮಲ್ ಮಗ್ಗು. ಕಪ್ಪು ಟ್ರಂಕು ತೆಗೆದೆವು. ಪದಕಗಳು ಒಂದು ಕರವಸ್ತ್ರದಲ್ಲಿ, ಸೈನ್ಯದ ಶಿಕ್ಷಣ ಪರೀಕ್ಷೆಯ ಸರ್ಟಿಫಿಕೇಟು ಅದಕ್ಕಿಂತ ಜೋಪಾನವಾಗಿ ಮೂರು ಮಡಿಕೆ ಬಟ್ಟೆಯಲ್ಲಿ.

ಆ ವರ್ಷ ನವೆಂಬರಿನ ಮೊದಲ ಕೆಲಸದ ದಿನ ನಾನು ಬ್ಯಾಂಕಿಗೆ ಹೋಗಿ ಮರಣ ಪತ್ರ ಕೊಟ್ಟೆ. ಜೀವಂತ ಇದ್ದಾರೆಂಬ ಫಾರಂ ಕೊಡುವ ಕಿಟಕಿಯಲ್ಲೇ ಅದನ್ನೂ ಕೊಡುವುದು.

ಈಗ ನಾನೂ ಪಿಂಚಣಿದಾರ, ನನಗೆ ಎಪ್ಪತ್ತೈದು. ಕಳೆದ ನವೆಂಬರಿನಲ್ಲಿ ಯಂತ್ರ ನನ್ನ ಬೆರಳನ್ನೂ ಒಪ್ಪಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ, ನನ್ನ ಮೊಮ್ಮಗಳ ವಯಸ್ಸಿನವಳು, ಹಿಂದಿದ್ದ ಉದ್ದ ಸಾಲನ್ನೊಮ್ಮೆ ನೋಡಿ, 'ಫಾರಂ ಕೊಡ್ತೀನಿ ಸರ್, ಅಲ್ಲಿ ಬೆಂಚಿದೆ, ನಿಧಾನವಾಗಿ ಕೂತು ಸಹಿ ಮಾಡ್ಕೊಂಡು ಬನ್ನಿ' ಎಂದಳು.

ನಾನು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಟ್ಟೆ. ಬೆಂಚಿನ ಮೇಲೆ ಕುಳಿತು, ಅವಸರ ಮಾಡದೆ, ಒಂದೊಂದೇ ಅಕ್ಷರ ಬರೆದೆ.